ಮೊದಲು ಕೆಡುವ ಭಾಗ ಯಾವುದು? ಬಾಳಿಕೆ ಬರುವ ವಸ್ತು ಆರಿಸಲು ಒಂದು ಹೋಲಿಕೆ

ಯಾವ ಯಂತ್ರವೂ ಒಂದೇ ಸಲಕ್ಕೆ ಇಡಿಯಾಗಿ ಕೆಡುವುದಿಲ್ಲ. ಫೋನಿನಲ್ಲಿ ಬ್ಯಾಟರಿ ಸೋಲುತ್ತದೆ, ಫ್ಯಾನಿನಲ್ಲಿ ಕಪಾಸಿಟರ್ ಹೋಗುತ್ತದೆ, ವಾಷಿಂಗ್ ಮೆಷಿನ್ನಿನಲ್ಲಿ ಬೇರಿಂಗ್ ಸವೆದು ಗರಗರ ಅನ್ನುತ್ತದೆ. ಉಳಿದದ್ದೆಲ್ಲ ಚೆನ್ನಾಗಿಯೇ ಇರುತ್ತದೆ. ಆ ಒಂದು ಭಾಗ ಬದಲಿಸಲು ಆದರೆ ವಸ್ತು ಇನ್ನೂ ಎಷ್ಟೋ ವರ್ಷ ಓಡುತ್ತದೆ. ಆಗದಿದ್ದರೆ ಗಟ್ಟಿಮುಟ್ಟಾದ ಮಿಕ್ಕ ಭಾಗಗಳೂ ಅದರ ಜೊತೆಗೇ ಕಸ ಸೇರುತ್ತವೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕಸ ಸುಮಾರು 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಲೆಕ್ಕ ಹೇಳುತ್ತದೆ. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದೆ ಎಂದು ದಾಖಲೆ ಇರುವುದು ಅದರಲ್ಲಿ ಕಾಲುಭಾಗಕ್ಕೂ ಇಲ್ಲ.

ಹಾಗಾಗಿ ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವಾಗ ಫೀಚರ್‌ಗಳ ಪಟ್ಟಿಯನ್ನು ನಾನು ಆಮೇಲೆ ಓದುತ್ತೇನೆ. ಮೊದಲು ಕೇಳುವುದು ಇಷ್ಟು: ಇದರಲ್ಲಿ ಮೊದಲು ಕೈಕೊಡುವ ಭಾಗ ಯಾವುದು? ಅದು ಬಿಡಿಯಾಗಿ ಸಿಗುತ್ತದಾ? ಅದನ್ನು ಬಿಚ್ಚಿ ಹಾಕಲು ಒಬ್ಬ ಸಾಮಾನ್ಯ ಮೆಕ್ಯಾನಿಕ್‌ಗೆ ಆಗುತ್ತದಾ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದ ಹಾಗೆ. ಸರಳವಾದದ್ದೇ ಯಾವಾಗಲೂ ಗೆಲ್ಲುತ್ತದೆ ಎಂದೇನೂ ಇಲ್ಲ. ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಅಂತ ಒಂದೊಂದಾಗಿ ನೋಡೋಣ.

ಫೋನ್: ಬ್ಯಾಟರಿ ಮುಖ್ಯವೋ, ಅಪ್‌ಡೇಟ್ ಮುಖ್ಯವೋ?

ಫೋನಿನಲ್ಲಿ ಮೊದಲು ಸೋಲುವುದು ಲಿಥಿಯಂ ಬ್ಯಾಟರಿ. ಪ್ರತಿ ಸಲ ತುಂಬಿ ಖಾಲಿಯಾದಾಗಲೂ ಒಳಗಿನ ಲಿಥಿಯಂನ ಸ್ವಲ್ಪ ಪಾಲು ಕೆಲಸಕ್ಕೆ ಬಾರದಂತೆ ಕಟ್ಟಿಹೋಗುತ್ತದೆ. ಸಾಮಾನ್ಯ ಬ್ಯಾಟರಿ ಕೆಲವು ನೂರು ಸೈಕಲ್‌ಗಳ ಹೊತ್ತಿಗೆ ತನ್ನ ಶಕ್ತಿಯ ಐದರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ನೂರರಿಂದ ಸೊನ್ನೆಗೆ ಇಳಿದು ಮತ್ತೆ ತುಂಬುವುದು ಒಂದು ಸೈಕಲ್. ಎರಡು ದಿನ ಅರ್ಧರ್ಧ ಬಳಸಿ ತುಂಬಿದರೂ ಅದು ಒಂದೇ ಸೈಕಲ್. ಬಿಸಿ ತಾಗಿದರೆ ಇದೆಲ್ಲ ಇನ್ನೂ ಬೇಗ. ದಿನಕ್ಕೊಂದು ಸೈಕಲ್ ಲೆಕ್ಕ ಹಾಕಿದರೆ ಎರಡು ವರ್ಷದೊಳಗೇ ಸುಸ್ತು ಗೊತ್ತಾಗುತ್ತದೆ. ಪರದೆ, ಕ್ಯಾಮೆರಾ, ಚಿಪ್ ಎಲ್ಲ ಆಗಿನ್ನೂ ಹೊಸದರ ಹಾಗೇ ಇರುತ್ತವೆ.

ಇಲ್ಲಿ ಎರಡು ಬಗೆಯ ಫೋನ್‌ಗಳಿವೆ. ಒಂದು, ಬೆನ್ನನ್ನು ಗಮ್ ಹಾಕಿ ಅಂಟಿಸಿದ್ದು. ಇನ್ನೊಂದು, ಕೈಯಲ್ಲೋ ಸಾದಾ ಸ್ಕ್ರೂಡ್ರೈವರ್‌ನಲ್ಲೋ ತೆರೆಯುವಂಥದ್ದು. ನೀರು ಒಳಗೆ ಹೋಗಬಾರದು, ಅದಕ್ಕೇ ಅಂಟಿಸುತ್ತೇವೆ ಅನ್ನುತ್ತಾರೆ ತಯಾರಕರು. ಅಂಟಿಸಿದರೆ ನೀರು ತಡೆಯುವುದು ಸುಲಭ ಅನ್ನುವುದು ನಿಜ. ಆದರೆ ಅದೊಂದೇ ದಾರಿ ಅಲ್ಲ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಫೋನಿನ ಬೆನ್ನು ಉಗುರಿನಿಂದಲೇ ತೆಗೆಯಬಹುದಿತ್ತು, ಬ್ಯಾಟರಿ ಕೈಗೆ ಬರುತ್ತಿತ್ತು, ಜೊತೆಗೆ ನೀರು ತಡೆಯುವ ಐಪಿ67 ಗುಣಮಟ್ಟವೂ ಇತ್ತು. ಒಂದು ರಬ್ಬರ್ ಗ್ಯಾಸ್ಕೆಟ್ ಆ ಕೆಲಸ ಮಾಡುತ್ತಿತ್ತು.

ಈಗ ಎರಡನೇ ಪ್ರಶ್ನೆಗೆ ಬರೋಣ. ಬ್ಯಾಟರಿ ಬದಲಿಸುತ್ತಾ ಹೋದರೆ ಫೋನ್ ಎಲ್ಲಿಯವರೆಗೆ ನಡೆಯುತ್ತದೆ? ಸಾಫ್ಟ್‌ವೇರ್ ಅಪ್‌ಡೇಟ್ ನಿಲ್ಲುವವರೆಗೆ. ಭದ್ರತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಅಪಾಯ. ನೆದರ್‌ಲ್ಯಾಂಡ್ಸ್‌ನ ಫೇರ್‌ಫೋನ್ ಕಂಪನಿ 2023ರ ತನ್ನ ಫೇರ್‌ಫೋನ್ 5ಕ್ಕೆ ಕನಿಷ್ಠ 8 ವರ್ಷದ ಅಪ್‌ಡೇಟ್ ಮಾತು ಕೊಟ್ಟಿತು. ಅದೇ ವರ್ಷ ಗೂಗಲ್ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ 7 ವರ್ಷ ಎಂದವು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಿಗೆ ಎರಡು ಮೂರು ವರ್ಷಕ್ಕೇ ಮುಗಿಯುತ್ತದೆ.

ಎರಡೂ ಒಟ್ಟಿಗೆ ಸಿಗದಿದ್ದರೆ ಯಾವುದನ್ನು ಬಿಡಬೇಕು? ನಾನು ಅಪ್‌ಡೇಟ್ ಉಳಿಸಿಕೊಳ್ಳಿ ಅನ್ನುತ್ತೇನೆ. ಅಂಟಿಸಿದ ಬ್ಯಾಟರಿಯನ್ನು ಬಿಸಿ ಕೊಟ್ಟು ಬಿಡಿಸಿ ಹೊಸದು ಹಾಕುವವರು ಸಿಗುತ್ತಾರೆ, ಸ್ವಲ್ಪ ದುಡ್ಡು ಜಾಸ್ತಿ ಆಗಬಹುದು ಅಷ್ಟೇ. ನಿಂತುಹೋದ ಅಪ್‌ಡೇಟನ್ನು ಮತ್ತೆ ಶುರು ಮಾಡಿಕೊಡುವ ರಿಪೇರಿ ಅಂಗಡಿ ಎಲ್ಲೂ ಇಲ್ಲ. ಅಂದರೆ ಫೋನಿನಲ್ಲಿ ಮೊದಲು ಕೆಡುವುದು ಬ್ಯಾಟರಿ ಆದರೂ, ಬದಲಿಸಲಾಗದೆ ಕೊನೆಗೆ ಸೋಲಿಸುವುದು ಸಾಫ್ಟ್‌ವೇರ್.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಹೊಸ ನಿಯಮ ಬಂದಿದೆ. 800 ಸೈಕಲ್ ಆದ ಮೇಲೂ ಬ್ಯಾಟರಿಯಲ್ಲಿ 80 ಶೇಕಡಾ ಶಕ್ತಿ ಉಳಿದಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಕೊಡಬೇಕು, 5 ವರ್ಷ ಅಪ್‌ಡೇಟ್ ಕೊಡಬೇಕು. ದೊಡ್ಡ ಕಂಪನಿಗಳು ಬಹುತೇಕ ಒಂದೇ ಫೋನನ್ನು ಎಲ್ಲ ಕಡೆ ಮಾರುತ್ತವೆ. ಹಾಗಾಗಿ ನೀವು ಎಲ್ಲೇ ಇದ್ದರೂ, ನೋಡುತ್ತಿರುವ ಮಾದರಿ ಯುರೋಪಿನಲ್ಲೂ ಮಾರಾಟಕ್ಕಿದೆಯಾ ಎಂದು ಒಮ್ಮೆ ಹುಡುಕುವುದು ಒಳ್ಳೆಯದು.

ಸಾದಾ ಕೀಪ್ಯಾಡ್ ಫೋನ್ ಕೊಳ್ಳುವ ಯೋಚನೆ ಇರುವವರಿಗೆ ಒಂದು ಎಚ್ಚರಿಕೆ. ಬ್ಯಾಟರಿ ಕೈಯಲ್ಲೇ ತೆಗೆಯಬಹುದು, ಕೆಳಗೆ ಬಿದ್ದರೂ ಏನಾಗುವುದಿಲ್ಲ, ನಿಜ. ಆದರೆ ಫೋನ್ ಗಟ್ಟಿಯಾಗಿದ್ದು ನೆಟ್‌ವರ್ಕ್ ಸತ್ತರೆ ಏನು ಮಾಡುವುದು? ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ಸೇವೆ ನಿಲ್ಲಿಸಿದಾಗ ಚೆನ್ನಾಗಿದ್ದ ಎಷ್ಟೋ ಫೋನ್‌ಗಳು ಕರೆಯನ್ನೇ ಮಾಡದಾದವು. ಕೀಪ್ಯಾಡ್ ಫೋನ್ ಬೇಕೆಂದರೆ 4ಜಿಯಲ್ಲಿ ಕರೆ ಮಾಡಬಲ್ಲದ್ದನ್ನೇ ತಗೊಳ್ಳಿ.

ಇಯರ್‌ಫೋನ್: ವೈರ್ ಇದ್ದದ್ದೋ, ಇಲ್ಲದ್ದೋ?

ಇಲ್ಲಿ ನನಗೆ ಅನುಮಾನವೇ ಇಲ್ಲ. ಕಿವಿಯೊಳಗೆ ಕೂರುವ ಪುಟ್ಟ ವೈರ್‌ಲೆಸ್ ಬಡ್‌ಗಳಲ್ಲಿ ಎರಡಕ್ಕೂ ಒಂದೊಂದು ಬ್ಯಾಟರಿ, ಡಬ್ಬಿಗೆ ಇನ್ನೊಂದು. ಹೆಚ್ಚಿನವುಗಳಲ್ಲಿ ಎಲ್ಲವೂ ಅಂಟಿನಲ್ಲಿ ಮುಳುಗಿರುತ್ತವೆ. ವಸ್ತುಗಳನ್ನು ಬಿಚ್ಚಿ ರಿಪೇರಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಆಪಲ್‌ನ ಮೊದಲ ಏರ್‌ಪಾಡ್ಸ್‌ಗೆ 10ಕ್ಕೆ 0 ಕೊಟ್ಟಿತ್ತು. ಬ್ಯಾಟರಿ ಚಿಕ್ಕದಾದಷ್ಟೂ ಬೇಗ ಬೇಗ ತುಂಬಬೇಕು, ಸೈಕಲ್ ಬೇಗ ಮುಗಿಯುತ್ತದೆ. ವೈರ್ ಇರುವುದರಲ್ಲಿ ಮೊದಲು ಹೋಗುವುದು ಜ್ಯಾಕ್ ಹತ್ತಿರದ ತಂತಿ. ಅಲ್ಲಿ ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ವೈರನ್ನು ಕಳಚಿ ಬೇರೆ ಹಾಕುವಂಥ ಮಾದರಿ ಕೊಂಡರೆ ಆ ಚಿಂತೆಯೂ ಇಲ್ಲ.

ಓಡುವಾಗ, ಕೆಲಸ ಮಾಡುವಾಗ ವೈರ್ ನಿಜಕ್ಕೂ ತೊಡಕು ಅನ್ನುವವರಿಗೆ ನಡುವಿನ ದಾರಿ ಇದೆ. ಕಿವಿ ಮುಚ್ಚುವ ದೊಡ್ಡ ವೈರ್‌ಲೆಸ್ ಹೆಡ್‌ಫೋನ್‌ಗಳಲ್ಲಿ ಬ್ಯಾಟರಿಗೆ ಜಾಗ ಜಾಸ್ತಿ, ಕಿವಿಯ ಮೆತ್ತೆ ಬಿಡಿಯಾಗಿ ಸಿಗುತ್ತದೆ. ಕೆಲವು ಮಾದರಿಗಳು ಬ್ಯಾಟರಿ ಸತ್ತ ಮೇಲೂ ವೈರ್ ಚುಚ್ಚಿದರೆ ಹಾಡುತ್ತವೆ. ಅಂಥದ್ದನ್ನು ಹುಡುಕಿ.

ಲ್ಯಾಪ್‌ಟಾಪ್: ತೆಳು ಮತ್ತು ದಪ್ಪ

ತೆಳುವಾದ ಲ್ಯಾಪ್‌ಟಾಪ್‌ನಲ್ಲಿ ಮೆಮೊರಿ, ಕೆಲವೊಮ್ಮೆ ಸ್ಟೋರೇಜ್ ಕೂಡ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ದಪ್ಪನೆಯದರಲ್ಲಿ ಅವು ಸ್ಲಾಟ್‌ನಲ್ಲಿ ಕೂತಿರುತ್ತವೆ. ಇವೆರಡರಲ್ಲಿ ಸ್ಟೋರೇಜ್ ಬೆಸುಗೆ ಆಗಿರುವುದು ದೊಡ್ಡ ತೊಂದರೆ. ಬೋರ್ಡ್ ಸುಟ್ಟರೆ ನಿಮ್ಮ ಫೋಟೊ, ಕಾಗದಪತ್ರ ಎಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತವೆ. ಮೆಮೊರಿ ಬೆಸುಗೆ ಆಗಿದ್ದರೆ ಅಷ್ಟು ಅಪಾಯ ಇಲ್ಲ. ಆದರೆ ಮುಂದೆ ಹೆಚ್ಚಿಸಲು ಆಗದ ಕಾರಣ ಇವತ್ತೇ ಬೇಕಾದ್ದಕ್ಕಿಂತ ಎರಡು ಪಟ್ಟು ಕೊಳ್ಳಬೇಕಾಗುತ್ತದೆ.

2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಒಂದು ಹಳೆಯ ನಂಬಿಕೆಯನ್ನು ಮುರಿಯಿತು. ತೆಳುವಾಗಿದ್ದೂ ಬಿಚ್ಚಬಹುದು ಎಂದು ತೋರಿಸಿತು. ಡಬ್ಬಿಯೊಳಗೆ ಸ್ಕ್ರೂಡ್ರೈವರ್ ಕೊಟ್ಟರು. ಪರದೆ, ಕೀಬೋರ್ಡ್, ಬ್ಯಾಟರಿ, ಕೊನೆಗೆ ಮದರ್‌ಬೋರ್ಡ್ ಕೂಡ ಬಿಡಿಯಾಗಿ ಮಾರುತ್ತಾರೆ. ಅದು ಎಲ್ಲ ಕಡೆ ಸಿಗುವುದಿಲ್ಲ, ಅಗ್ಗವೂ ಅಲ್ಲ. ಆದರೂ "ತೆಳು ಬೇಕಾದರೆ ರಿಪೇರಿ ಆಸೆ ಬಿಡಿ" ಅನ್ನುವ ಮಾತನ್ನು ಇನ್ನು ಒಪ್ಪಬೇಕಿಲ್ಲ.

ಫ್ಯಾನ್ ಮತ್ತು ಬಲ್ಬ್: ಸರಳತೆ ಯಾವಾಗ ಸೋಲುತ್ತದೆ

ಹಳೆ ಬಗೆಯ ಸೀಲಿಂಗ್ ಫ್ಯಾನ್ ಎಂದರೆ ಸರಳ ಯಂತ್ರದ ಒಳ್ಳೆಯ ಮಾದರಿ. ಒಂದು ಇಂಡಕ್ಷನ್ ಮೋಟರ್, ಎರಡು ಬೇರಿಂಗ್, ಒಂದು ಕಪಾಸಿಟರ್. ಫ್ಯಾನ್ ನಿಧಾನವಾದರೆ ಅಥವಾ ಕೈಯಿಂದ ತಿರುಗಿಸಿದರೆ ಮಾತ್ರ ಶುರುವಾದರೆ, ಬಹುಪಾಲು ಸಲ ಕಪಾಸಿಟರ್ ಹೋಗಿರುತ್ತದೆ. ಹೆಬ್ಬೆರಳಿನಷ್ಟಿರುವ ಆ ಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಇನ್ನೊಂದು ಕಡೆ ಹೊಸ ಬಿಎಲ್‌ಡಿಸಿ ಫ್ಯಾನ್. ಅದರಲ್ಲಿ ಶಾಶ್ವತ ಅಯಸ್ಕಾಂತ ಇರುವ ಮೋಟರ್, ಅದನ್ನು ನಡೆಸಲು ಒಂದು ಎಲೆಕ್ಟ್ರಾನಿಕ್ ಬೋರ್ಡ್. ಮೊದಲು ಹೋಗುವುದು ಆ ಬೋರ್ಡೇ. ಆಯಾ ಕಂಪನಿಯ ಬೋರ್ಡ್ ಆಯಾ ಫ್ಯಾನಿಗೆ ಮಾತ್ರ.

ಇಷ್ಟು ಕೇಳಿದರೆ ಹಳೆಯದೇ ಮೇಲು ಅನಿಸುತ್ತದೆ, ಅಲ್ವಾ? ಆದರೆ ಕರೆಂಟಿನ ಲೆಕ್ಕ ಹಾಕಿ ನೋಡಿ. ಹಳೆಯದು ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸದು ಸುಮಾರು 30. ದಿನಕ್ಕೆ 12 ಗಂಟೆ ಓಡಿದರೆ ವರ್ಷಕ್ಕೆ 200 ಯೂನಿಟ್ ಹತ್ತಿರ ಉಳಿತಾಯ. ದಿನಕ್ಕೆ 2 ಗಂಟೆ ಮಾತ್ರ ಓಡಿದರೆ 33 ಯೂನಿಟ್ ಅಷ್ಟೇ. ಹಾಗಾಗಿ ಹಗಲೂ ರಾತ್ರಿ ತಿರುಗುವ ಕೋಣೆಗೆ ಬಿಎಲ್‌ಡಿಸಿ ಹಾಕಿ, ಕೊಳ್ಳುವಾಗಲೇ ಬೋರ್ಡ್ ಬಿಡಿಯಾಗಿ ಸಿಗುತ್ತದಾ ಎಂದು ಕೇಳಿ. ಅಪರೂಪಕ್ಕೆ ಓಡುವ ಕೋಣೆಯಲ್ಲಿ ಹಳೆಯದು ಚೆನ್ನಾಗಿದ್ದರೆ ಸುಮ್ನೆ ಬಿಟ್ಟುಬಿಡಿ.

ಇದನ್ನೇ ಬೇರೆ ವಸ್ತುಗಳಿಗೂ ಹಿಗ್ಗಿಸಬಹುದು. ಫ್ರಿಜ್, ಏಸಿಯಂಥ ವಸ್ತುಗಳು ಜೀವಮಾನದಲ್ಲಿ ಪರಿಸರಕ್ಕೆ ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಅವು ಕುಡಿಯುವ ಕರೆಂಟಿನಿಂದ ಬರುತ್ತದೆ. ಫೋನಿನಲ್ಲಿ ಉಲ್ಟಾ. ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ಹಾನಿಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿ ಹೋಗಿರುತ್ತದೆ. ಹಾಗಾಗಿ ತುಂಬಾ ಹಳೆಯ, ಕರೆಂಟ್ ನುಂಗುವ ಫ್ರಿಜ್ಜನ್ನು ಬದಲಿಸುವುದರಲ್ಲಿ ಅರ್ಥ ಇದೆ. ಚೆನ್ನಾಗಿರುವ ಫೋನನ್ನು ಬದಲಿಸುವುದರಲ್ಲಿ ಇಲ್ಲ.

ಬಾಳಿಕೆಯ ಜೊತೆ ಕರೆಂಟಿನ ಲೆಕ್ಕವನ್ನೂ ನೋಡಬೇಕು ಎನ್ನುವುದಕ್ಕೆ ಬಲ್ಬಿನ ಚರಿತ್ರೆ ಒಳ್ಳೆಯ ಸಾಕ್ಷಿ. 1924ರಲ್ಲಿ ಜಿನೀವಾದಲ್ಲಿ ಒಸ್ರಾಮ್, ಫಿಲಿಪ್ಸ್ ಮುಂತಾದ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಎಂಬ ಕೂಟ ಕಟ್ಟಿದವು. ಬಲ್ಬ್ 1000 ಗಂಟೆಯಷ್ಟೇ ಉರಿಯಬೇಕು ಎಂದು ಒಪ್ಪಂದ ಮಾಡಿಕೊಂಡವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ ಹಾಕುತ್ತಿದ್ದವು. ಕೇಳಿದರೆ ಸಿಟ್ಟು ಬರುತ್ತದೆ, ಬರಲೂ ಬೇಕು. ಇದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಬಲ್ಬನ್ನು ತೋರಿಸುತ್ತಾರೆ. ಆದರೆ ಆ ಬಲ್ಬ್ ಈಗ ಕೊಡುವ ಬೆಳಕು ರಾತ್ರಿ ದೀಪದಷ್ಟೇ. ತಂತಿಯನ್ನು ಕಡಿಮೆ ಬಿಸಿ ಮಾಡಿದರೆ ಬಲ್ಬ್ ಜಾಸ್ತಿ ಬಾಳುತ್ತದೆ, ಬೆಳಕು ಕಡಿಮೆ ಕೊಡುತ್ತದೆ. ಅಷ್ಟೇ ಬೆಳಕು ಬೇಕೆಂದರೆ ಕರೆಂಟ್ ಜಾಸ್ತಿ ಸುಡಬೇಕು. ಕೂಟದ ದುರಾಸೆಯೂ ನಿಜ, ಈ ಲೆಕ್ಕವೂ ನಿಜ.

ಇವತ್ತಿನ ಆಯ್ಕೆ ಎಲ್‌ಇಡಿ. 60 ವ್ಯಾಟ್‌ನ ಹಳೆ ಬಲ್ಬ್ ಕೊಡುತ್ತಿದ್ದ ಬೆಳಕನ್ನು 9 ವ್ಯಾಟ್‌ನಲ್ಲಿ ಕೊಡುತ್ತದೆ. ಇದರಲ್ಲಿ ಎಲ್‌ಇಡಿ ಚಿಪ್‌ಗಿಂತ ಮೊದಲು ಸೋಲುವುದು ಬುಡದಲ್ಲಿದ್ದು ಕರೆಂಟನ್ನು ಚಿಪ್‌ಗೆ ಬೇಕಾದಂತೆ ಬದಲಿಸಿ ಕೊಡುವ ಡ್ರೈವರ್, ಅದರಲ್ಲೂ ಒಳಗಿನ ಎಲೆಕ್ಟ್ರೋಲಿಟಿಕ್ ಕಪಾಸಿಟರ್. ಬಿಸಿ 10 ಡಿಗ್ರಿ ಇಳಿದರೆ ಆ ಕಪಾಸಿಟರ್‌ನ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಆದ್ದರಿಂದ ಪೂರ್ತಿ ಮುಚ್ಚಿದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಹಾಕಬೇಡಿ, ಗಾಳಿ ಆಡಲಿ. ದೀಪದ ಫಿಟ್ಟಿಂಗ್ ಕೊಳ್ಳುವಾಗ ಎಲ್‌ಇಡಿ ಅದರಲ್ಲೇ ಸೇರಿಕೊಂಡಿರುವುದನ್ನು ಬಿಟ್ಟು, ಸಾಮಾನ್ಯ ಹೋಲ್ಡರ್ ಇರುವುದನ್ನು ಆರಿಸಿ. ಬಲ್ಬ್ ಹೋದರೆ ಬಲ್ಬ್ ಮಾತ್ರ ಬದಲಿಸಿದರಾಯಿತು.

ವಾಷಿಂಗ್ ಮೆಷಿನ್

ಮುಂದಿನಿಂದ ಬಟ್ಟೆ ಹಾಕುವ ಮೆಷಿನ್‌ನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಡ್ರಮ್ಮಿನ ಬೇರಿಂಗ್. ಅದರ ಮುಂದಿನ ರಬ್ಬರ್ ಸೀಲ್ ಹಳತಾಗಿ ನೀರು ಒಳಗೆ ನುಗ್ಗಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಬೇರಿಂಗ್ ಚಿಕ್ಕ ವಸ್ತು. ಆದರೆ ಅದನ್ನು ತಲುಪಲು ಹೊರಗಿನ ಪ್ಲಾಸ್ಟಿಕ್ ತೊಟ್ಟಿಯನ್ನು ಎರಡು ಹೋಳು ಮಾಡಬೇಕು. ಕೆಲವು ಮೆಷಿನ್‌ಗಳಲ್ಲಿ ಆ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಕೂಡಿಸಿರುತ್ತಾರೆ. ಇನ್ನು ಕೆಲವದರಲ್ಲಿ ಕಾಯಿಸಿ ಒಂದೇ ಮಾಡಿರುತ್ತಾರೆ. ಎರಡನೇ ಬಗೆಯದಾದರೆ ಇಡೀ ತೊಟ್ಟಿ ಮತ್ತು ಡ್ರಮ್ ಬದಲಿಸಿ ಅನ್ನುತ್ತಾರೆ, ಆ ಖರ್ಚು ಕೇಳಿ ಜನ ಹೊಸ ಮೆಷಿನ್ನೇ ತರುತ್ತಾರೆ. ಇದು ಜಾಹೀರಾತಿನಲ್ಲಿ ಎಲ್ಲೂ ಇರುವುದಿಲ್ಲ. ಶೋರೂಮಿನಲ್ಲಿ ಕೇಳಿದರೂ ಗೊತ್ತಿರುವುದು ಅಪರೂಪ. ರಿಪೇರಿ ಮಾಡುವವರಿಗೆ ಮಾತ್ರ ಚೆನ್ನಾಗಿ ಗೊತ್ತು. ಮೆಷಿನ್ ಕೊಳ್ಳುವ ಮುಂಚೆ ಅವರಲ್ಲಿ ಒಬ್ಬರನ್ನು ಕೇಳುವುದು ನೂರು ಸ್ಟಾರ್ ರೇಟಿಂಗ್ ಓದುವುದಕ್ಕಿಂತ ಉಪಯೋಗ.

ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್ ಇನ್ನೂ ಸರಳ. ಟೈಮರ್, ಮೋಟರ್, ಬೆಲ್ಟ್, ಅಷ್ಟೇ. ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಆದರೆ ಒದ್ದೆ ಬಟ್ಟೆ ಎತ್ತಿ ಹಾಕುವ ಕೆಲಸ ಮನೆಯಲ್ಲಿ ಯಾರದೋ ಬೆನ್ನಿನ ಮೇಲೆ ಬೀಳುತ್ತದೆ. ಆ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ ಸರಳತೆಯನ್ನು ಹೊಗಳಬಾರದು. ಪೂರ್ತಿ ಆಟೋಮ್ಯಾಟಿಕ್ ಬೇಕಿದ್ದರೆ ತಗೊಳ್ಳಿ, ಟಚ್ ಪರದೆ ಮತ್ತು ವೈಫೈ ಬಿಟ್ಟು ತಿರುಗಿಸುವ ಗುಂಡಿ ಇರುವುದನ್ನು ನೋಡಿ.

ಇಂಟರ್ನೆಟ್ ಇಲ್ಲದಾಗ ಇದು ಏನು ಮಾಡುತ್ತದೆ?

ಸ್ಮಾರ್ಟ್ ಎಂದು ಹೆಸರಿಟ್ಟ ವಸ್ತುಗಳಲ್ಲಿ ಮೊದಲು ಕೈಕೊಡುವ ಭಾಗ ನಿಮ್ಮ ಮನೆಯಲ್ಲಿ ಇಲ್ಲದೇ ಇರಬಹುದು. ಅದು ದೂರದಲ್ಲಿರುವ ಕಂಪನಿಯ ಸರ್ವರ್. ಮನೆಯ ದೀಪ, ಬೀಗಗಳನ್ನು ನಡೆಸುವ ರಿವಾಲ್ವ್ ಎಂಬ ಹಬ್ ಇತ್ತು. 2014ರಲ್ಲಿ ಗೂಗಲ್‌ಗೆ ಸೇರಿದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಒಂದು ತಂತಿಯೂ ಕೆಡದ ಹಬ್‌ಗಳು ಅಂದಿನಿಂದ ಬರೀ ಡಬ್ಬಿಗಳಾದವು. ಇದನ್ನು ಯಾವ ಸ್ಕ್ರೂಡ್ರೈವರ್‌ನಿಂದಲೂ ಸರಿ ಮಾಡಲಾಗದು.

ಹಾಗಾಗಿ ತೂಕದ ಯಂತ್ರವಿರಲಿ, ಬೀಗವಿರಲಿ, ಹೀಟರ್ ಇರಲಿ, ಇಂಟರ್ನೆಟ್ ತೆಗೆದರೆ ತನ್ನ ಮೂಲ ಕೆಲಸ ಮಾಡುತ್ತದಾ ನೋಡಿ. ಮಾಡಿದರೆ ಆ್ಯಪ್ ಇರುವುದು ಒಂದು ಅನುಕೂಲ. ಮಾಡದಿದ್ದರೆ ನೀವು ವಸ್ತು ಕೊಂಡಿಲ್ಲ, ಕಂಪನಿಗೆ ಬೇಕಿರುವಷ್ಟು ದಿನ ನಡೆಯುವ ಒಂದು ಸೇವೆಯನ್ನು ಕೊಂಡಿದ್ದೀರಿ.

ಕೈಗಡಿಯಾರದಲ್ಲೂ ಹೀಗೇ. ಸಮಯ ನೋಡಲಿಕ್ಕಾದರೆ ಸಾದಾ ಕ್ವಾರ್ಟ್ಸ್ ಗಡಿಯಾರವನ್ನು ಮೀರಿಸಿದ್ದು ಇಲ್ಲ. ಕ್ಯಾಸಿಯೊ ಎಫ್-91ಡಬ್ಲ್ಯೂ 1989ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ, ಒಂದು ನಾಣ್ಯದಾಕಾರದ ಸೆಲ್ ಸುಮಾರು 7 ವರ್ಷ ಬರುತ್ತದೆ. ಕೀಲಿ ಕೊಡುವ ಮೆಕ್ಯಾನಿಕಲ್ ಗಡಿಯಾರ ತಲೆಮಾರು ದಾಟಬಲ್ಲದು. ಆದರೆ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು, ಆ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹೃದಯ ಬಡಿತದ ಏರುಪೇರು ಗಮನಿಸಲು ವೈದ್ಯರೇ ಹೇಳಿದ್ದರೆ ಸ್ಮಾರ್ಟ್‌ವಾಚ್ ಕೊಳ್ಳಿ, ಅದರ ಬೆಲೆ ಅಲ್ಲಿದೆ.

ಬಿಚ್ಚದೆ ತಿಳಿಯುವುದು ಹೇಗೆ?

ಅಂಗಡಿಯಲ್ಲಿ ವಸ್ತುವನ್ನು ತಿರುಗಿಸಿ ನೋಡಿ. ಸ್ಕ್ರೂ ಕಾಣುತ್ತದಾ? ಅದು ಸಾದಾ ಪ್ಲಸ್ ಸ್ಕ್ರೂ ಆಗಿದ್ದರೆ ಒಳ್ಳೆಯದು. ಎಎ ಅಥವಾ ಎಎಎಯಂಥ ಎಲ್ಲ ಕಡೆ ಸಿಗುವ ಸೆಲ್ ಹಾಕುವಂಥದ್ದಾ? ಚಾರ್ಜರ್ ತನ್ನದೇ ವಿಚಿತ್ರ ಪಿನ್ ಕೇಳುತ್ತದಾ, ಯುಎಸ್‌ಬಿ-ಸಿ ಸಾಕಾ?

ಮನೆಯಲ್ಲಿ ಕೂತು ನೋಡಲು ಎರಡು ದಾರಿ ಇವೆ. ಫ್ರಾನ್ಸ್ ಸರ್ಕಾರ 2021ರ ಜನವರಿಯಿಂದ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್ ಮುಂತಾದವುಗಳಿಗೆ 10ಕ್ಕೆ ಇಷ್ಟು ಎಂದು ರಿಪೇರಿ ಅಂಕ ಹಾಕುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದಾ, ಕೈಪಿಡಿ ಕೊಡುತ್ತಾರಾ ಎನ್ನುವುದರ ಜೊತೆಗೆ ಬಿಡಿಭಾಗದ ಬೆಲೆಯನ್ನೂ ಅದು ಎಣಿಸುತ್ತದೆ. ಇದು ಬಹಳ ಮುಖ್ಯ. ಹೊಸ ಫೋನಿನ ಅರ್ಧ ಬೆಲೆ ಪರದೆಗೇ ಆದರೆ ಯಾರು ರಿಪೇರಿ ಮಾಡಿಸುತ್ತಾರೆ? ಮಾದರಿಯ ಹೆಸರು ಹಾಕಿ ಈ ಅಂಕವನ್ನು ಹುಡುಕಬಹುದು (2025ರಿಂದ ಫೋನ್, ಟಿವಿ, ವಾಷಿಂಗ್ ಮೆಷಿನ್‌ಗಳಿಗೆ ಇದರ ಬದಲು ಬೇರೆ ಅಂಕ ಬಂದಿದೆ). ಇನ್ನೊಂದು ದಾರಿ, 2003ರಲ್ಲಿ ಶುರುವಾದ ಐಫಿಕ್ಸಿಟ್ ತಾಣದ ಬಿಚ್ಚುವ ಚಿತ್ರಗಳು.

ಒಂದು ಹೊಸ ತೊಡಕಿನ ಬಗ್ಗೆ ಗೊತ್ತಿರಲಿ. ಕೆಲವು ತಯಾರಕರು ಪ್ರತಿ ಬಿಡಿಭಾಗಕ್ಕೂ ಸಾಫ್ಟ್‌ವೇರ್ ಬೀಗ ಹಾಕುತ್ತಾರೆ. ಅದೇ ಮಾದರಿಯ ಇನ್ನೊಂದು ಫೋನಿನ ಅಸಲಿ ಪರದೆ ಹಾಕಿದರೂ ಕೆಲವು ಸೌಲಭ್ಯ ಕೆಲಸ ಮಾಡುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇದನ್ನು ತಡೆಯುವ ಕಾನೂನು ತಂದಿತು. ಬೇರೆ ಕಡೆಯೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಯಾವ ಭಾಗ ಹಾಕಬೇಕು ಎಂದು ಹೇಳುವ ಹಕ್ಕು ಕೊಂಡವರದ್ದು.

ಇರುವುದನ್ನು ರಿಪೇರಿ ಮಾಡಿಸುವುದೋ, ಹೊಸದು ತರುವುದೋ?

ಹೋಗಿರುವುದು ಸವೆಯಲೆಂದೇ ಇರುವ ಭಾಗವಾದರೆ ಯೋಚನೆಯೇ ಬೇಡ, ಮಾಡಿಸಿ. ಬ್ಯಾಟರಿ, ಬೆಲ್ಟ್, ಕಾರ್ಬನ್ ಬ್ರಷ್, ಗ್ಯಾಸ್ಕೆಟ್, ಕಪಾಸಿಟರ್ ಎಲ್ಲ ಈ ಗುಂಪಿನವು. ಫ್ರಿಜ್ಜಿನ ಕಂಪ್ರೆಸರ್, ಮೋಟರ್‌ನ ವೈಂಡಿಂಗ್, ಫೋನಿನ ಮದರ್‌ಬೋರ್ಡ್ ಹೋದರೆ ಮಾತ್ರ ಬೆಲೆ ಕೇಳಿ ಯೋಚಿಸಿ. ನೀವೇ ಕಲಿಯಬೇಕೆಂದಿದ್ದರೆ ರಿಪೇರಿ ಕೆಫೆ ಇದೆಯಾ ಹುಡುಕಿ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಶುರು ಮಾಡಿದ ಈ ಕೂಟಗಳಲ್ಲಿ ಗೊತ್ತಿರುವವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಮೈಕ್ರೋವೇವ್ ಓವನ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ.

ಹೊಸದಕ್ಕೂ ಹಳೆಯದಕ್ಕೂ ನಡುವೆ ಮೂರನೆಯ ಆಯ್ಕೆಯೂ ಉಂಟು. ಕಚೇರಿಗಳು ಕೆಲವು ವರ್ಷ ಬಳಸಿ ಮಾರುವ ಬಿಸಿನೆಸ್ ಲ್ಯಾಪ್‌ಟಾಪ್‌ಗಳು. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್‌ನಂಥ ಸಾಲುಗಳಿಗೆ ಬಿಚ್ಚುವ ಕೈಪಿಡಿಯನ್ನು ಕಂಪನಿಗಳೇ ತಮ್ಮ ತಾಣದಲ್ಲಿ ಇಟ್ಟಿವೆ. ದುಡ್ಡು ಕೊಡುವ ಮುಂಚೆ ಆ ಕೈಪಿಡಿ ಇಳಿಸಿಕೊಂಡು ಬ್ಯಾಟರಿ, ಸ್ಟೋರೇಜ್, ಕೀಬೋರ್ಡ್ ತೆಗೆಯುವ ಪುಟಗಳನ್ನು ಓದಿ. ಎಲ್ಲವೂ ಸ್ಕ್ರೂ ಬಿಚ್ಚಿದರೆ ಬರುತ್ತವೆ ಎಂದಿದ್ದರೆ ಬ್ಯಾಟರಿಯ ಸೈಕಲ್ ಎಷ್ಟಾಗಿದೆ ಕೇಳಿ, ಹೊಸ ಬ್ಯಾಟರಿಯ ಬೆಲೆಯನ್ನು ಮಾರುವವರು ಹೇಳಿದ ದರದಿಂದ ಕಳೆದು ಚೌಕಾಸಿ ಮಾಡಿ.